ಪಡಸಾಲೆಯಲ್ಲಿ ಕೂಡುವ ಸಭೆ

ಕಲಬುರಗಿಯನ್ನು ಹೊರಗಿನವರಿಗೆ ಪರಿಚಯಿಸುವಾಗ ನಾವು ಸಾಮಾನ್ಯವಾಗಿ ಮೂರು ತಾಣಗಳನ್ನು ತೋರಿಸುತ್ತೇವೆ. ಶರಣಬಸವೇಶ್ವರರ ಗುಡಿ, ಖ್ವಾಜಾ ಬಂದೇನವಾಜರ ದರ್ಗಾ ಮತ್ತು 2009ರಲ್ಲಿ ಲೋಕಾರ್ಪಣೆಗೊಂಡ ಬುದ್ಧವಿಹಾರ. ಇವುಗಳ ಸಾಲಿನಲ್ಲಿ ಎಂದೂ ಸೇರದ, ಆದರೆ ಪ್ರತಿ ಭಾನುವಾರವೂ ತುಂಬಿಕೊಳ್ಳುವ ಇನ್ನೊಂದು ಬಗೆಯ ಆರಾಧನಾ ಸ್ಥಳ ಕಳೆದ ಎರಡು ದಶಕಗಳಿಂದ ಈ ನಗರದ ಅಂಚಿನ ಬಡಾವಣೆಗಳಲ್ಲಿ ಬೆಳೆಯುತ್ತಿದೆ. ಅದಕ್ಕೆ ಗೋಪುರವಿಲ್ಲ, ಗಂಟೆಯಿಲ್ಲ. ಬಹುಪಾಲು ಕಡೆ ನಾಮಫಲಕವೂ ಇಲ್ಲ. ತಗಡಿನ ಮಾಡಿನ ಎರಡು ಕೋಣೆಯ ಮನೆ, ಬಾಗಿಲ ಬಳಿ ರಾಶಿ ಬಿದ್ದ ಚಪ್ಪಲಿಗಳು, ಒಳಗಿನಿಂದ ಕೇಳಿಬರುವ ಢೋಲಕಿನ ಸದ್ದು ಇವಿಷ್ಟೇ ಅದರ ಗುರುತು. ಅಲ್ಲಿಗೆ ಹೋಗುವವರು ಅದನ್ನು 'ಪ್ರಾರ್ಥನಾ ಕೂಟ' ಅಥವಾ 'ಮನೆ ಸಭೆ' ಎನ್ನುತ್ತಾರೆ. ಹೋಗದವರು ತಗ್ಗಿದ ದನಿಯಲ್ಲಿ 'ಮತಾಂತರದ ಅಡ್ಡೆ' ಎನ್ನುತ್ತಾರೆ.

ಈ ಕೂಟಗಳ ಬಗ್ಗೆ ನಮ್ಮಲ್ಲಿ ಎರಡು ಸಿದ್ಧ ವಿವರಣೆಗಳಿವೆ. ವಿದೇಶಿ ಹಣದ ಆಮಿಷಕ್ಕೆ ಬಡವರು ಬಲಿಯಾಗುತ್ತಿದ್ದಾರೆ ಎಂಬುದು ಮೊದಲನೆಯದು. ದೇವರ ಆತ್ಮವೇ ಇಳಿದುಬಂದು ಜನರನ್ನು ಸೆಳೆಯುತ್ತಿದೆ ಎಂಬುದು ಎರಡನೆಯದು. ಈ ಎರಡೂ ವಿವರಣೆಗಳಲ್ಲಿ ಅಲ್ಲಿ ಕುಳಿತ ಮನುಷ್ಯರಿಗೆ ಸ್ವಂತ ಬುದ್ಧಿಯಿಲ್ಲ. ಒಂದರಲ್ಲಿ ಹಣ ಅವರನ್ನು ಎಳೆಯುತ್ತದೆ, ಇನ್ನೊಂದರಲ್ಲಿ ಪವಾಡ. ನಾನು ಆ ಮತಕ್ಕೆ ಸೇರಿದವನಲ್ಲ, ಸೇರುವ ಉದ್ದೇಶವೂ ನನಗಿಲ್ಲ. ಆದರೆ ಕಲಬುರಗಿಯಲ್ಲೂ ಕಮಲಾಪುರದಲ್ಲೂ ಇಂಥ ಕೆಲವು ಕೂಟಗಳಲ್ಲಿ ಕುಳಿತು ಬಂದ ಮೇಲೆ ಈ ಎರಡೂ ವಿವರಣೆಗಳು ಸಾಲವೆಂದು ನನಗನ್ನಿಸಿದೆ.

ಕಮಲಾಪುರ ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಕೆಂಪು ಬಾಳೆಗೆ ಹೆಸರಾದ ಊರು. 2018ರಲ್ಲಿ ತಾಲ್ಲೂಕು ಕೇಂದ್ರವಾಯಿತು. ಸುತ್ತಮುತ್ತ ತೊಗರಿ ಬೆಳೆಯುವ ಎರೆಭೂಮಿ, ಲಂಬಾಣಿ ತಾಂಡಾಗಳು, ದಲಿತರ ಓಣಿಗಳು. ಅಲ್ಲಿ ನಾನು ಕಂಡ ಕೂಟದಲ್ಲಿ ಮೂವತ್ತರಷ್ಟು ಮಂದಿ ಇದ್ದರು. ಅವರಲ್ಲಿ ಗಂಡಸರು ಎಂಟೋ ಒಂಬತ್ತೋ. ಉಳಿದವರೆಲ್ಲ ಹೆಂಗಸರು ಮತ್ತು ಮಕ್ಕಳು. ಹಾಡು ಅರ್ಧ ಗಂಟೆ. ಅನಂತರ 'ಸಾಕ್ಷಿ'. ಅಂದರೆ, ಒಬ್ಬೊಬ್ಬರಾಗಿ ಎದ್ದು ನಿಂತು ಆ ವಾರ ತಮ್ಮ ಬದುಕಿನಲ್ಲಿ ನಡೆದದ್ದನ್ನು ಹೇಳುವುದು. ಮಗಳ ಜ್ವರ ಇಳಿದದ್ದು, ಸ್ವಸಹಾಯ ಸಂಘದ ಸಾಲದ ಕಂತು ಕಟ್ಟಲಾಗದೆ ಹೋದದ್ದು, ಪುಣೆಗೆ ದುಡಿಯಲು ಹೋದ ಮಗ ಫೋನು ಮಾಡಿದ್ದು, ಗಂಡ ಮೂರು ದಿನ ಕುಡಿಯದೆ ಮನೆಗೆ ಬಂದದ್ದು. ಆಮೇಲೆ ಸತ್ಯವೇದದ ಒಂದು ಭಾಗದ ಓದು, ಪಾಸ್ಟರರ ಮಾತು. ಕೊನೆಗೆ ಎಲ್ಲರ ಹೆಸರನ್ನೂ ಒಂದೊಂದಾಗಿ ಹೇಳಿ ಪ್ರಾರ್ಥನೆ. ಪಾಸ್ಟರ್ ಎಂದರೆ ಬಿಳಿಯ ನಿಲುವಂಗಿ ತೊಟ್ಟ ಪಾದ್ರಿಯಲ್ಲ. ವಾರದ ಆರು ದಿನ ಗಾರೆ ಕೆಲಸ ಮಾಡುವ, ಸತ್ಯವೇದವನ್ನು ಬೆರಳಿಟ್ಟು ಓದುವ, ಅದೇ ಓಣಿಯ ಮನುಷ್ಯ.

ಮನೆಯಲ್ಲಿ ಕೂಡುವ ಈ ಪದ್ಧತಿ ಹೊಸತೇನೂ ಅಲ್ಲ. ಕ್ರೈಸ್ತಮತ ಹುಟ್ಟಿದ್ದೇ ಮನೆಗಳಲ್ಲಿ. ಸಂತ ಪೌಲನ ಪತ್ರಗಳಲ್ಲಿ ಪ್ರಿಸ್ಕಿಲ್ಲ ಮತ್ತು ಅಕ್ವಿಲ ದಂಪತಿಯ ಮನೆಯ ಸಭೆಗೆ, ನುಂಫಳ ಮನೆಯ ಸಭೆಗೆ ವಂದನೆಗಳಿವೆ. ಸಿರಿಯಾದ ದೂರಾ ಯುರೋಪೋಸ್ ಎಂಬಲ್ಲಿ ಮೂರನೆಯ ಶತಮಾನದ ಒಂದು ಮನೆಯನ್ನು ಆರಾಧನೆಗೆಂದು ಮಾರ್ಪಡಿಸಿದ ಕುರುಹುಗಳು 1930ರ ದಶಕದ ಉತ್ಖನನದಲ್ಲಿ ದೊರೆತಿವೆ. 313ರಲ್ಲಿ ರೋಮನ್ ಸಾಮ್ರಾಟ ಕಾನ್‌ಸ್ಟಂಟೈನ್ ಈ ಮತಕ್ಕೆ ಮುಕ್ತಿ ಕೊಟ್ಟ ಮೇಲೆಯೇ ದೊಡ್ಡ ದೊಡ್ಡ ಕಟ್ಟಡಗಳು ಎದ್ದದ್ದು. ಕಟ್ಟಡಗಳು ದೊಡ್ಡವಾಗಿ, ಅಧಿಕಾರದ ಶ್ರೇಣಿ ಎತ್ತರವಾಗಿ, ಸಾಮಾನ್ಯನ ದನಿ ಕ್ಷೀಣಿಸಿದಾಗಲೆಲ್ಲ ಆ ಮತದೊಳಗೆ ಮನೆಗೆ ಮರಳುವ ಚಳವಳಿಗಳು ಹುಟ್ಟಿವೆ.

ಕಲಬುರಗಿಯ ಮಟ್ಟಿಗೆ ಇದರಲ್ಲೊಂದು ವಿಪರ್ಯಾಸವಿದೆ. ಬೀದರ್ ಮತ್ತು ಗುಲಬರ್ಗಾ ಸೀಮೆಯಲ್ಲಿ ಪ್ರೊಟೆಸ್ಟಂಟ್ ಕ್ರೈಸ್ತಮತವನ್ನು ಬೇರೂರಿಸಿದವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದ ಅಮೆರಿಕದ ಮೆಥಡಿಸ್ಟ್ ಮಿಷನರಿಗಳು. ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾಲಯ ಕಟ್ಟಲು ಮಾಡಿದ ಸಾಲ ತೀರಿಸುವುದಕ್ಕೆ ಅವನ ಅನುಯಾಯಿಗಳು ಒಂದು ಉಪಾಯ ಹೂಡಿದರು. ಹನ್ನೆರಡು ಮಂದಿಗೊಂದು ಗುಂಪು, ಪ್ರತಿಯೊಬ್ಬರಿಂದ ವಾರಕ್ಕೊಂದು ಪೆನ್ನಿ, ಅದನ್ನು ಸಂಗ್ರಹಿಸಲು ಒಬ್ಬ ಮುಖಂಡ. ಹಣ ಕೇಳಲು ಮನೆಮನೆಗೆ ಹೋದ ಮುಖಂಡರಿಗೆ ಜನರ ಕಷ್ಟಸುಖ ಕಂಡಿತು. ಸಾಲ ತೀರಿಸುವ ಗುಂಪು ಕಷ್ಟ ಹಂಚಿಕೊಳ್ಳುವ ಗುಂಪಾಯಿತು. ಗಣಿ ಕಾರ್ಮಿಕರ ನಡುವೆ ಮೆಥಡಿಸ್ಟರು ಬೆಳೆದದ್ದು ಈ ಗುಂಪುಗಳ ಬಲದಿಂದ. ಆ ಪಂಥ ಕಲಬುರಗಿಗೆ ಬರುವ ಹೊತ್ತಿಗೆ ಶಾಲೆ, ಆಸ್ಪತ್ರೆ, ಬಂಗಲೆ, ಆಸ್ತಿಗಳ ಸಂಸ್ಥೆಯಾಗಿತ್ತು. ಅದು ಇಲ್ಲಿ ಮಾಡಿದ ಸೇವೆ ಸಣ್ಣದಲ್ಲ. ಬೀದರಿನ ಮಿಷನ್ ಆಸ್ಪತ್ರೆಯನ್ನು ನೆನೆಯುವ ಹಿರಿಯರು ಇಂದಿಗೂ ಇದ್ದಾರೆ. ಆದರೆ ವೆಸ್ಲಿಯ ಹನ್ನೆರಡು ಮಂದಿಯ ಗುಂಪನ್ನು ಇಂದು ಹುಡುಕುವವರು ಹಳೆಯ ಚರ್ಚಿನಲ್ಲಿ ಅಲ್ಲ, ಗಾರೆ ಕೆಲಸದವನ ಪಡಸಾಲೆಯಲ್ಲಿ ಕಾಣುತ್ತಾರೆ. ಕಥೋಲಿಕ ಸಭೆಯೂ 2005ರಲ್ಲಿ ಗುಲಬರ್ಗಾವನ್ನು ಪ್ರತ್ಯೇಕ ಧರ್ಮಪ್ರಾಂತ್ಯವನ್ನಾಗಿ ಮಾಡಿತು. ಅದರ ಬೆಳವಣಿಗೆಯ ದಾರಿ ಶಾಲೆ ಮತ್ತು ಸಮಾಜಸೇವೆಯದು. ಮನೆ ಸಭೆಗಳ ದಾರಿ ಬೇರೆಯೇ.

ಇನ್ನೊಂದು ಎಳೆಯನ್ನೂ ಇಲ್ಲಿ ನೆನೆಯಬೇಕು. ಉಮ್ಮಳಿಸಿ ಅಳುವ, ಕೈಯೆತ್ತಿ ಹಾಡುವ ಈ ಪೆಂತೆಕೋಸ್ತ್ ಶೈಲಿ ಅಮೆರಿಕದಿಂದ ಆಮದಾದದ್ದೆಂದು ಹೇಳುವುದು ವಾಡಿಕೆ. 1906ರ ಲಾಸ್ ಏಂಜಲಿಸ್‌ನ ಅಜೂಸಾ ಬೀದಿಯ ಕೂಟಗಳನ್ನು ಅದರ ಮೂಲವೆಂದು ಗುರುತಿಸುತ್ತಾರೆ. ಅದಕ್ಕೆ ಒಂದು ವರ್ಷ ಮೊದಲೇ, 1905ರಲ್ಲಿ, ಪುಣೆಯ ಬಳಿಯ ಕೇಡಗಾಂವಿನ ಮುಕ್ತಿ ಮಿಷನ್‌ನಲ್ಲಿ ವಿಧವೆಯರೂ ಅನಾಥ ಹೆಣ್ಣುಮಕ್ಕಳೂ ಇಂಥದೇ ಪ್ರಾರ್ಥನಾ ಆವೇಶವನ್ನು ಅನುಭವಿಸಿದ್ದರು. ಆ ಆಶ್ರಮವನ್ನು ಕಟ್ಟಿದ ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮದೇ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಕೇಡಗಾಂವ್ ಇರುವುದು ಕಲಬುರಗಿಯಿಂದ ಸೊಲ್ಲಾಪುರ, ದೌಂಡ್ ಮಾರ್ಗವಾಗಿ ಪುಣೆಗೆ ಹೋಗುವ ರೈಲು ದಾರಿಯಲ್ಲೇ. ನಮ್ಮ ಜಿಲ್ಲೆಯ ಕೂಲಿಗಳು ಗುಳೆ ಹೋಗುವುದೂ ಅದೇ ದಾರಿಯಲ್ಲಿ.

ರೂಪದ ಮಟ್ಟಿಗೂ ಈ ಕೂಟಗಳು ಈ ನೆಲಕ್ಕೆ ಅಪರಿಚಿತವಲ್ಲ. ಕಮಲಾಪುರದ ದಾರಿಯನ್ನೇ ಹಿಡಿದು ಮುಂದೆ ಸಾಗಿದರೆ ಬಸವಕಲ್ಯಾಣ. ಬಸವಣ್ಣನವರ ಮಹಾಮನೆ ಒಂದು ಮನೆಯೇ ಆಗಿತ್ತು. ಗುಡಿಯೊಳಗೆ ಪ್ರವೇಶವಿಲ್ಲದವರು ಆ ಮನೆಯಲ್ಲಿ ಎದ್ದು ನಿಂತು ತಮ್ಮ ಅನುಭವವನ್ನು ತಮ್ಮ ಮಾತಿನಲ್ಲಿ ಹೇಳಿದರು. ಅನಂತರದ ಶತಮಾನಗಳಲ್ಲಿ ಕಡಕೋಳ ಮಡಿವಾಳಪ್ಪ, ಚೆನ್ನೂರ ಜಲಾಲ ಸಾಹೇಬರಂಥ ತತ್ವಪದಕಾರರ ಪರಂಪರೆ ಬೆಳೆದದ್ದೂ ಕಟ್ಟೆಗಳ ಮೇಲೆ, ಮನೆಗಳ ಪಡಸಾಲೆಯಲ್ಲಿ, ಏಕತಾರಿ ದಮ್ಮಡಿಗಳ ನಡುವೆ. ರಾತ್ರಿಯಿಡೀ ಭಜನೆ ಮಾಡುವುದು, ಗುರುವಿನ ಮುಂದೆ ಸಂಕಟ ತೋಡಿಕೊಳ್ಳುವುದು, ದರ್ಗಾದಲ್ಲಿ ದೆವ್ವ ಬಿಡಿಸಿಕೊಳ್ಳುವುದು ಇಲ್ಲಿಯ ಜನರಿಗೆ ಗೊತ್ತಿದ್ದ ಸಂಗತಿಗಳೇ. ಮನೆ ಸಭೆ ಆ ಹಳೆಯ ಪಾತ್ರೆಯಲ್ಲಿ ಬೇರೆ ದೇವರ ಹೆಸರನ್ನು ತುಂಬಿದೆ. ಹಾಗಿದ್ದರೆ ಹಳೆಯ ಪಾತ್ರೆ ಏಕೆ ಬರಿದಾಯಿತು ಎಂದು ಕೇಳಿಕೊಳ್ಳುವ ಹೊಣೆ ಆ ಪರಂಪರೆಯ ವಾರಸುದಾರರಾದ ನಮ್ಮ ಮಠಗಳ ಮೇಲಿದೆ.

ಎಷ್ಟು ಬೆಳೆದಿವೆ ಈ ಸಭೆಗಳು? ಜನಗಣತಿಯ ಅಂಕಿ ಇದಕ್ಕೆ ಉತ್ತರ ಕೊಡುವುದಿಲ್ಲ. 2001ರಲ್ಲಿ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇ 1.91 ಇದ್ದರು. 2011ರಲ್ಲಿ ಶೇ 1.87. ಕಾಗದದ ಮೇಲೆ ಪ್ರಮಾಣ ಕಡಿಮೆಯೇ ಆಗಿದೆ. ಮತಾಂತರದ ಮಹಾಪೂರ ಹರಿಯುತ್ತಿದೆ ಎನ್ನುವವರಿಗೆ ಈ ಅಂಕಿ ಇರುಸುಮುರುಸು ಉಂಟುಮಾಡುತ್ತದೆ. ಆದರೆ ಮನೆ ಸಭೆಗಳು ಬೆಳೆಯುತ್ತಿಲ್ಲ ಎಂದೂ ಇದರಿಂದ ತೀರ್ಮಾನಿಸಲಾಗದು. ಅಲ್ಲಿಗೆ ಹೋಗುವ ಅನೇಕರು ದಾಖಲೆಯಲ್ಲಿ ಕ್ರೈಸ್ತರಲ್ಲ. ದೀಕ್ಷಾಸ್ನಾನ ಪಡೆಯದೆ, ಹೆಸರು ಬದಲಿಸದೆ, ಊರ ಜಾತ್ರೆಗೂ ಹೋಗುತ್ತ ಯೇಸುವಿಗೆ ಪ್ರಾರ್ಥಿಸುವವರು ಇವರು. ತಮಿಳುನಾಡಿನಲ್ಲಿ ಇಂಥವರನ್ನು ಅಧ್ಯಯನ ಮಾಡಿದ ಹರ್ಬರ್ಟ್ ಹೋಫರ್ ಅವರ ಪುಸ್ತಕ 1991ರಲ್ಲಿ ಪ್ರಕಟವಾಯಿತು; ಚರ್ಚಿನ ಹೊರಗಿನ ಈ ಭಕ್ತರನ್ನು ಹೊರಗಿನವರೆಂದೇ ಎಣಿಸುವುದು ಸರಿಯೇ ಎಂದು ಅವರು ಅಂದೇ ಕೇಳಿದ್ದರು.

ದಾಖಲೆಗೆ ಸೇರದಿರಲು ಕಾನೂನಿನ ಕಾರಣವೂ ಇದೆ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು. ಕ್ರೈಸ್ತರಾದ ದಲಿತರಿಗೆ ಆ ಸ್ಥಾನವಿಲ್ಲ. ಕರ್ನಾಟಕ ಅವರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಇರಿಸಿದೆ. ಈ ಪ್ರಶ್ನೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗವನ್ನು ನೇಮಿಸಿತು. ಹೊಲೆಯ ಅಥವಾ ಮಾದಿಗ ಕುಟುಂಬವೊಂದು ಬಹಿರಂಗವಾಗಿ ಕ್ರೈಸ್ತಮತಕ್ಕೆ ಸೇರಿದರೆ ಮಗನ ವಿದ್ಯಾರ್ಥಿವೇತನ, ಮಗಳ ಹಾಸ್ಟೆಲ್ ಸೀಟು, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಎಲ್ಲವನ್ನೂ ಪಣಕ್ಕಿಡಬೇಕಾಗುತ್ತದೆ. ಅದೇ ಓಣಿಯ ನೆರೆಯವರು ಬುದ್ಧವಿಹಾರಕ್ಕೆ ಹೋಗಿ ಬೌದ್ಧರಾದರೆ ಏನನ್ನೂ ಕಳೆದುಕೊಳ್ಳುವುದಿಲ್ಲ. ಹೀಗಿದ್ದೂ ಒಂದಷ್ಟು ಜನ ಪಡಸಾಲೆಯ ಸಭೆಗೇ ಹೋಗುತ್ತಿದ್ದಾರೆ. ಆಮಿಷದ ವಾದ ಮಾಡುವವರು ಈ ಲೆಕ್ಕವನ್ನು ಒಮ್ಮೆ ಕೂಡಿ ಕಳೆದು ನೋಡಬೇಕು.

ಹಾಗಾದರೆ ಅವರನ್ನು ಸೆಳೆಯುವುದೇನು? ನಾನು ಕೇಳಿದ ಹೆಂಗಸರಲ್ಲಿ ಹೆಚ್ಚಿನವರು ಮೊದಲು ಹೇಳಿದ್ದು ಕುಡಿತದ ಮಾತನ್ನು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಆ ಜಾಗಕ್ಕೆ ಅಗ್ಗದ ಮದ್ಯದ ಪೊಟ್ಟಣಗಳು ಬಂದವು. 2019ರ ಜನವರಿಯಲ್ಲಿ ರಾಯಚೂರು ಮೊದಲಾದ ಜಿಲ್ಲೆಗಳ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದರು. ಅಬಕಾರಿ ಆದಾಯವನ್ನು ನೆಚ್ಚಿದ ಸರ್ಕಾರ ಅವರ ಬೇಡಿಕೆಯನ್ನು ಈಡೇರಿಸಲಿಲ್ಲ. ಅಂಥ ಮನೆಯ ಹೆಣ್ಣಿಗೆ ಮನೆ ಸಭೆ ಒಂದು ಕೈಗೆಟುಕುವ ದಾರಿ. ಅಲ್ಲಿ ಗಂಡ ಎಲ್ಲರೆದುರು ಕುಡಿಯುವುದಿಲ್ಲವೆಂದು ಮಾತು ಕೊಡುತ್ತಾನೆ. ತಪ್ಪಿದರೆ ಮರುದಿನ ನಾಲ್ವರು ಮನೆಗೆ ಬಂದು ಕೂರುತ್ತಾರೆ. ಕೊಲಂಬಿಯಾ ದೇಶದ ಇಂಥ ಸಭೆಗಳ ಬಗ್ಗೆ 1995ರಲ್ಲಿ ಪುಸ್ತಕ ಬರೆದ ಮಾನವಶಾಸ್ತ್ರಜ್ಞೆ ಎಲಿಜಬೆತ್ ಬ್ರಸ್ಕೊ, ಕುಡಿತಕ್ಕೂ ಜೂಜಿಗೂ ಹೋಗುತ್ತಿದ್ದ ಗಂಡಸಿನ ಸಂಪಾದನೆ ಮತ್ತೆ ಮನೆಯತ್ತ ತಿರುಗಿದ್ದನ್ನು ಗುರುತಿಸಿದ್ದರು. ಕಮಲಾಪುರದ ಹೆಂಗಸರು ಅದೇ ಸಂಗತಿಯನ್ನು ತೊಗರಿಬೇಳೆಯ ಡಬ್ಬಿ ಈಗ ಖಾಲಿಯಾಗುವುದಿಲ್ಲ ಎಂಬ ಮಾತಿನಲ್ಲಿ ಹೇಳಿದರು.

ಎರಡನೆಯದು ಮಾತಿನ ಅವಕಾಶ. ಹೊಲದಲ್ಲಿ, ಮನೆಯಲ್ಲಿ, ಗ್ರಾಮಸಭೆಯಲ್ಲಿ ಎಲ್ಲಿಯೂ ತನ್ನ ಮಾತನ್ನು ಯಾರೂ ಕೇಳಿರದ ಹೆಣ್ಣು, 'ಸಾಕ್ಷಿ'ಯ ಹೊತ್ತಿನಲ್ಲಿ ಎದ್ದು ನಿಂತು ಐದು ನಿಮಿಷ ಮಾತನಾಡುತ್ತಾಳೆ. ಮೂವತ್ತು ಜನ ಸುಮ್ಮನೆ ಕುಳಿತು ಕೇಳುತ್ತಾರೆ. ಅವಳನ್ನು ಜಾತಿ ಹಿಡಿದು ಕರೆಯುವುದಿಲ್ಲ, 'ಅಕ್ಕ' ಎನ್ನುತ್ತಾರೆ. ಚೆನ್ನೈನ ಕೊಳೆಗೇರಿಯೊಂದರ ಪೆಂತೆಕೋಸ್ತ್ ಹೆಂಗಸರ ನಡುವೆ ಅಧ್ಯಯನ ಮಾಡಿ 2016ರಲ್ಲಿ ಪುಸ್ತಕ ಪ್ರಕಟಿಸಿದ ನಥಾನಿಯಲ್ ರಾಬರ್ಟ್ಸ್, ಅವರ ನಂಬಿಕೆಯ ತಿರುಳು ಪರಸ್ಪರ ಕಾಳಜಿಯಲ್ಲಿದೆ ಎನ್ನುತ್ತಾರೆ. ಒಬ್ಬಳ ಸಂಕಟ ಗುಟ್ಟಾಗಿ ಉಳಿಯದೆ ಎಲ್ಲರ ಪ್ರಾರ್ಥನೆಯ ವಿಷಯವಾಗುವುದು ಅಲ್ಲಿಯೂ ಇಲ್ಲಿಯೂ ಒಂದೇ.

ಮೂರನೆಯದು ಗುಳೆ. ತೊಗರಿ ರಾಶಿ ಮುಗಿಯುತ್ತಿದ್ದಂತೆ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರುಗಳತ್ತ ಹೊರಡುವ ಕುಟುಂಬಗಳಿಗೆ ಊರ ದೇವರು ಊರಲ್ಲೇ ಉಳಿಯುತ್ತಾನೆ. ಮನೆ ಸಭೆ ಮಾತ್ರ ಜೊತೆಗೆ ಬರುತ್ತದೆ. ಹೊಸ ನಗರದಲ್ಲಿ ಕನ್ನಡದಲ್ಲಿ ಪ್ರಾರ್ಥಿಸುವ ಒಂದು ಕೋಣೆಯ ವಿಳಾಸ, ಒಂದು ಫೋನ್ ನಂಬರು ಸಿಕ್ಕರೆ ಕೆಲಸವೂ ಬಾಡಿಗೆ ಜೋಪಡಿಯೂ ಅದರ ಹಿಂದೆಯೇ ಸಿಗುತ್ತವೆ ಎಂದು ಹಲವರು ವಿವರಿಸಿದರು. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ಸಂಭವಿಸಿದ್ದು ಕಲಬುರಗಿಯಲ್ಲಿ. ಅನಂತರದ ತಿಂಗಳುಗಳಲ್ಲಿ ಗುಡಿ, ಮಸೀದಿ, ಚರ್ಚುಗಳೆಲ್ಲ ಬಾಗಿಲು ಹಾಕಿದವು. ಮನೆಯಲ್ಲೇ ಪ್ರಾರ್ಥಿಸಿ ರೂಢಿಯಿದ್ದವರಿಗೆ ಆ ಬೀಗ ಅಷ್ಟಾಗಿ ತಟ್ಟಲಿಲ್ಲ. ಕೂಟ ಮೊಬೈಲಿಗೆ ಸರಿಯಿತು, ಊರಿಗೆ ಮರಳಿದ ವಲಸಿಗರು ಅದನ್ನು ತಾಂಡಾಗಳಿಗೂ ಒಯ್ದರು.

ಹಾಗೆಂದು ಎಲ್ಲವೂ ಸರಿಯಿದೆ ಎನ್ನಲಾಗದು. ರೋಗಪರಿಹಾರದ ಹೆಸರಿನಲ್ಲಿ ನಡೆಯುವುದು ನನ್ನನ್ನು ಕಂಗೆಡಿಸಿದೆ. ಒಂದು ಕೂಟದಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿದ್ದನ್ನು ಹೆಣ್ಣುಮಗಳೊಬ್ಬಳು ಸಾಕ್ಷಿಯಾಗಿ ಹೇಳಿದಾಗ ಸೇರಿದವರು ಸ್ತೋತ್ರವೆಂದರು. ಮಾತ್ರೆ ತೆಗೆದುಕೊಳ್ಳಮ್ಮ ಎಂದು ಪಾಸ್ಟರ್ ಹೇಳಲಿಲ್ಲ. ಪ್ರಾರ್ಥನೆಯಿಂದ ಧೈರ್ಯ ಬರಬಹುದು, ಇನ್ಸುಲಿನ್ ಬರುವುದಿಲ್ಲ. ಹಣದ ಲೆಕ್ಕವೂ ಅಷ್ಟೆ. ಆದಾಯದ ಹತ್ತನೆಯ ಒಂದು ಪಾಲನ್ನು 'ದಶಮಾಂಶ'ವೆಂದು ಕೊಡುವ ಕೂಲಿಕಾರರಿಗೆ ಅದು ಎಲ್ಲಿ ಹೋಯಿತೆಂದು ಕೇಳುವ ವ್ಯವಸ್ಥೆ ನಾನು ಕಂಡ ಕೂಟಗಳಲ್ಲಿ ಇರಲಿಲ್ಲ. ದೊಡ್ಡ ಚರ್ಚುಗಳಿಗೆ ಆಡಳಿತ ಮಂಡಳಿ, ಧರ್ಮಾಧ್ಯಕ್ಷ, ಲೆಕ್ಕಪತ್ರಗಳಾದರೂ ಇವೆ; ಪಡಸಾಲೆಯ ಪಾಸ್ಟರ್ ಯಾರಿಗೂ ಉತ್ತರದಾಯಿಯಲ್ಲ. ನೆರೆಯವರ ದೇವರನ್ನು ಸೈತಾನನೆಂದು ಜರೆಯುವ ಉಪದೇಶವನ್ನೂ ಕೇಳಿದ್ದೇನೆ. ಅದೇ ಓಣಿಯಲ್ಲಿ ನಾಳೆ ಬಾಳಬೇಕಾದವರು ಆಡುವ ಮಾತಲ್ಲ ಅದು. ಜಾತಿಯೂ ಬಾಗಿಲಲ್ಲೇ ಚಪ್ಪಲಿಯಂತೆ ಬಿಟ್ಟು ಬರುವ ವಸ್ತುವಲ್ಲ. ಹೊಲೆಯರ ಓಣಿಯ ಕೂಟ, ಮಾದಿಗರ ಓಣಿಯ ಕೂಟ, ತಾಂಡಾದ ಕೂಟ ಬೇರೆಬೇರೆಯಾಗಿಯೇ ನಡೆಯುವುದನ್ನು ಕಂಡೆ. ಮದುವೆಯ ಮಾತು ಬಂದಾಗ ಹಳೆಯ ಗೆರೆಗಳು ಮತ್ತೆ ಎದ್ದು ಕಾಣುತ್ತವೆ.

ಆದರೆ ಈ ದೋಷಗಳಿಗೆ ಸರ್ಕಾರ ಕಂಡುಕೊಂಡ ಮದ್ದು ರೋಗಕ್ಕೆ ಸಂಬಂಧಿಸಿದ್ದಲ್ಲ. ಸಂವಿಧಾನದ 25ನೇ ವಿಧಿ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು ಮತವನ್ನು ಅನುಸರಿಸುವ ಹಾಗೂ ಪ್ರಸಾರ ಮಾಡುವ ಹಕ್ಕನ್ನು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವುದು ಆ ಹಕ್ಕಿನಲ್ಲಿ ಸೇರುವುದಿಲ್ಲವೆಂದು 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2022ರಲ್ಲಿ ಜಾರಿಗೆ ಬಂದ ಕರ್ನಾಟಕದ ಕಾಯ್ದೆ ಇನ್ನೂ ಮುಂದೆ ಹೋಯಿತು. ಮತಾಂತರಕ್ಕೆ ಮೂವತ್ತು ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು. ದಲಿತರು, ಮಹಿಳೆಯರು, ಅಪ್ರಾಪ್ತರ ವಿಷಯದಲ್ಲಿ ತಪ್ಪಿತಸ್ಥರಿಗೆ ಮೂರರಿಂದ ಹತ್ತು ವರ್ಷಗಳ ಸೆರೆವಾಸ. ತಪ್ಪು ಮಾಡಿಲ್ಲವೆಂದು ರುಜುವಾತುಪಡಿಸುವ ಹೊಣೆ ಆರೋಪಿಯದು. 'ಆಮಿಷ' ಎಂಬುದರ ವ್ಯಾಖ್ಯೆಯಲ್ಲಿ ಉತ್ತಮ ಜೀವನಶೈಲಿಯ ಭರವಸೆಯೂ ಸೇರಿದೆ. ಗಂಡ ಕುಡಿತ ಬಿಟ್ಟ ಮೇಲೆ ನಮ್ಮ ಬಾಳು ಹಸನಾಯಿತು, ನೀನೂ ಬಾ ಎಂದು ನೆರೆಯವಳನ್ನು ಕರೆಯುವ ಹೆಣ್ಣುಮಗಳ ಮಾತನ್ನು ಈ ವ್ಯಾಖ್ಯೆಯೊಳಗೆ ತುರುಕುವುದು ಕಷ್ಟವಲ್ಲ. ದಲಿತರನ್ನೂ ಮಹಿಳೆಯರನ್ನೂ ಅಪ್ರಾಪ್ತರ ಸಾಲಿನಲ್ಲಿ ನಿಲ್ಲಿಸಿದ್ದು ಇನ್ನೂ ದೊಡ್ಡ ಅವಮಾನ. ಈ ಕಾಯ್ದೆಯನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿದಾಗ ಎದ್ದ ಗದ್ದಲದಲ್ಲಿ ಆ ಅವಮಾನದ ಮಾತನ್ನು ಆಡಿದವರು ವಿರಳ.

ಕಾಯ್ದೆಗಿಂತ ಹೆಚ್ಚು ಹೆದರಿಸುವುದು ಬೀದಿಯ ಗುಂಪು. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಮತ್ತು ಇತರ ಕಡೆಗಳಲ್ಲಿ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆದದ್ದು, ಅದರ ತನಿಖೆಗೆ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ನೇಮಕವಾದದ್ದು ಓದುಗರಿಗೆ ನೆನಪಿರಬಹುದು. ಚರ್ಚಿಗೆ ಗೋಡೆಯಿದೆ, ಗೇಟಿದೆ, ಹಿಂದೆ ಒಂದು ಸಂಸ್ಥೆಯಿದೆ. ಪಡಸಾಲೆಗೆ ಇರುವುದು ಒಂದು ಬಾಗಿಲು. ಆ ಬಾಗಿಲನ್ನು ತಟ್ಟಿ ಇಲ್ಲಿ ಏನು ನಡೆಯುತ್ತಿದೆ ಎಂದು ಕೇಳುವ ಅಧಿಕಾರ ದಾರಿಹೋಕರಿಗಿಲ್ಲ. ಸತ್ಯನಾರಾಯಣ ಪೂಜೆಗೆ ಐವತ್ತು ಜನರನ್ನು ಕರೆಯಲು ನನಗೆ ಯಾರ ಅನುಮತಿಯೂ ಬೇಡವಾದರೆ, ಮೂವತ್ತು ಜನರೊಡನೆ ಪ್ರಾರ್ಥಿಸಲು ಕಮಲಾಪುರದ ಗಾರೆ ಕೆಲಸದವನಿಗೂ ಬೇಡ. ಮೋಸ, ಬಲವಂತ, ಹಣದ ದುರುಪಯೋಗ ಕಂಡುಬಂದರೆ ವಂಚನೆಗೂ ಬೆದರಿಕೆಗೂ ಇರುವ ಸಾಮಾನ್ಯ ಕಾನೂನುಗಳೇ ಸಾಕು. ಅವು ಎಲ್ಲ ಮತದವರಿಗೂ ಒಂದೇ.

ಮಾಡಬೇಕಾದ ಕೆಲಸಗಳು ಬೇರೆ ಇವೆ. ಸಭೆಗಳ ಮುಖಂಡರು ಕಾಣಿಕೆಯ ಲೆಕ್ಕವನ್ನು ತಿಂಗಳಿಗೊಮ್ಮೆ ಸಭೆಯ ಮುಂದೆ ಓದಲಿ; ರೋಗಿಗೆ ಪ್ರಾರ್ಥಿಸುವ ಮೊದಲು ವೈದ್ಯರ ಚೀಟಿಯನ್ನು ಕೇಳಲಿ. ಹಳೆಯ ಚರ್ಚುಗಳು ಇವರನ್ನು ಅನಕ್ಷರಸ್ಥರೆಂದು ಮೂಗು ಮುರಿಯುವುದನ್ನು ಬಿಟ್ಟು ತರಬೇತಿ ಕೊಡಲಿ. ಮಠಗಳು ವರ್ಷಕ್ಕೊಂದು ಜಾತ್ರೆಗೆ ತೃಪ್ತಿಪಡದೆ ದಲಿತರ ಓಣಿಗೆ ವಾರಕ್ಕೊಮ್ಮೆ ಹೋಗಿ ಕೂರಲಿ, ಉಪದೇಶಿಸಲಿಕ್ಕಲ್ಲ, ಕೇಳಲಿಕ್ಕೆ. ಸರ್ಕಾರ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಕುಡಿತ ಬಿಡಿಸುವ ಚಿಕಿತ್ಸೆಯನ್ನೂ ಆಪ್ತಸಲಹೆಯನ್ನೂ ಉಚಿತವಾಗಿ ಒದಗಿಸಲಿ. ಇವೆಲ್ಲ ನಡೆದ ಮೇಲೂ ಕೆಲವರು ಪಡಸಾಲೆಯ ಸಭೆಗೇ ಹೋಗುತ್ತೇವೆ ಎಂದರೆ ಅದು ಅವರ ಅಂತಃಕರಣದ ಆಯ್ಕೆ. ಅಲ್ಲಿಯವರೆಗೆ, ಗಂಡನ ಕುಡಿತಕ್ಕೂ ಮಗುವಿನ ಜ್ವರಕ್ಕೂ ಸಾಲದ ಕಂತಿಗೂ ಬೇರೆಲ್ಲಿಯೂ ಕಿವಿ ಸಿಗದ ಹೆಣ್ಣುಮಗಳೊಬ್ಬಳು ಭಾನುವಾರ ಬೆಳಿಗ್ಗೆ ಎಲ್ಲಿಗೆ ಹೋಗಬೇಕೆಂದು ತೀರ್ಪು ಕೊಡುವ ನೈತಿಕ ಹಕ್ಕು ನಮಗಿಲ್ಲ.